ಬೀರುವಿನೊಳಗಿನ ಗಿಡ

ಮೂರನೆಯ ಸಲ ನೆಟ್ಟ ಗಿಡವೂ ಕಂದತೊಡಗಿದಾಗ, ಇದು ತನ್ನ ತಪ್ಪಲ್ಲ, ಯಾರೋ ಬೇಕೆಂದೇ ಕೊಲ್ಲುತ್ತಿದ್ದಾರೆ ಎಂದು ಧರ್ಮೇಶ್ ತೀರ್ಮಾನಿಸಿದ.

ಗಿಡ ಇದ್ದದ್ದು ಕಬ್ಬಿಣದ ಬೀರುವಿನಲ್ಲಿ. ಬೀರು ಇದ್ದದ್ದು ಹೆಂಡತಿ ರಮಾ ಮಲಗಿದ್ದ ಕೋಣೆಯಲ್ಲಿ, ಮಂಚಕ್ಕೂ ಕಿಟಕಿಗೂ ನಡುವೆ, ಎರಡರಿಂದಲೂ ಕೈಗೆಟಕುವ ಇಕ್ಕಟ್ಟಿನಲ್ಲಿ. ಅರಸೀಕೆರೆಯ ಆ ಪುಟ್ಟ ಮನೆಯಲ್ಲಿ ಹೊರಗಿನವರು ಕಾಲಿಡದ ಜಾಗ ಅದೊಂದೇ. ಅನ್ನನಾಳದ ಕ್ಯಾನ್ಸರ್ ಎಂದು ಕೇಳಿ ನೋಡಲು ಬಂದವರು ಬಾಗಿಲಲ್ಲೇ ನಿಂತು ಹೊರಟುಬಿಡುತ್ತಿದ್ದರು.

ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ವೈದ್ಯರು ಹೇಳಿ ಕಳಿಸಿದ್ದರು. ಕೊಟ್ಟ ನೋವಿನ ಔಷಧಿ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಗಾಂಜಾ ಎಣ್ಣೆಯ ಹನಿ ನಾಲಿಗೆಯಡಿ ಬಿಟ್ಟರೆ ನೋವು ತಗ್ಗುತ್ತದೆ, ಹಸಿವೂ ಬರುತ್ತದೆ ಎಂದು ಫೋನಿನ ವಿಡಿಯೊದಲ್ಲಿ ಯಾರೋ ಹೇಳಿದರು. ಬಿಕ್ಕೋಡಿನ ಕಡೆ ಎಸ್ಟೇಟಿಗೆ ಕೂಲಿಗೆ ಬಂದಿದ್ದವನೊಬ್ಬನನ್ನು ಹಿಡಿದು ಧರ್ಮೇಶ್ ಬೀಜ ತಂದ. ಸಿಕ್ಕಿಬಿದ್ದರೆ ಜೈಲು. ತಾನು ಜೈಲಿಗೆ ಹೋದರೆ ರಮಾಳ ಬಾಯಿಗೆ ನೀರು ಬಿಡುವವರೂ ಇಲ್ಲ. ಅದು ಗೊತ್ತಿದ್ದೇ ತಂದ.

ಅವನು ಮೋಟಾರ್ ರಿವೈಂಡಿಂಗ್ ಮಾಡುವವನು. ಬೀರುವಿನೊಳಗೆ ಎಲ್‌ಇಡಿ ದೀಪ, ಸಣ್ಣ ಫ್ಯಾನು, ಟೈಮರ್ ಕೂರಿಸುವುದು ಅವನಿಗೆ ದೊಡ್ಡ ಕೆಲಸವಲ್ಲ. ಗೊತ್ತಿಲ್ಲದ್ದು ಮಣ್ಣು. ಮೊದಲ ಗಿಡದ ಎಲೆ ಹಳದಿಯಾಗಿ ಜೋತುಬಿತ್ತು. ಖಾಲಿ ಪೇಂಟ್ ಬಕೆಟ್ಟಿನಲ್ಲಿದ್ದ ಮಣ್ಣು ಹುಳಿ ನಾತ ಹೊಡೆಯಿತು, ಮುಟ್ಟಿದರೆ ಸಣ್ಣ ನೊಣ ಏಳುತ್ತಿದ್ದವು. ಹೊಸಬರೆಲ್ಲ ನೀರು ಹೆಚ್ಚು ಹಾಕಿ ಬೇರು ಕೊಳೆಸುತ್ತಾರೆ ಎಂದಿತು ಫೋನು. ಎರಡನೆಯದನ್ನು ಅವನು ಅದೇ ಮಣ್ಣಿಗೆ ಹಾಕಿ, ಅಳೆದು ನೀರು ಬಿಟ್ಟ. ಅದರ ಎಲೆಯಂಚು ಸುಟ್ಟಂತಾಯಿತು, ಮಣ್ಣಿನ ಮೇಲೆ ಬಿಳಿ ಉಪ್ಪು ಕೂತಿತು. ಗೊಬ್ಬರ ಹೆಚ್ಚಾಗಿರಬೇಕು, ಇಲ್ಲವೇ ಬೋರ್ ನೀರಿನ ಗಡಸು. ಮೂರನೆಯದಕ್ಕೆ ಗೊಬ್ಬರ ನಿಲ್ಲಿಸಿ, ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತಂದ. ಉಪ್ಪು ಮತ್ತೆ ಕೂತಿತು.

ಇದರ ನಡುವೆ ಇದ್ದ ಸಮಾಧಾನ ಒಂದೇ. ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ಅವನು ರಾಗಿ ಅಂಬಲಿ ಕಾಯಿಸಿ, ಮಜ್ಜಿಗೆ ಬೆರೆಸಿ, ಅವಳಿಗೆ ಹಿಡಿಸುವಂತೆ ಉಪ್ಪು ತುಸು ಹೆಚ್ಚೇ ಹಾಕಿ, ಹುರಿದ ಜೀರಿಗೆ ಉದುರಿಸಿ, ಲೋಟವನ್ನು ಮಂಚದ ಪಕ್ಕ ಇಟ್ಟು ಹೋಗುತ್ತಿದ್ದ. ಮೊದಮೊದಲು ಲೋಟ ಇಟ್ಟಂತೆಯೇ ಇರುತ್ತಿತ್ತು. ಸಂಜೆ ಅದನ್ನು ಬಚ್ಚಲಿಗೆ ಸುರಿಯುವಾಗ ರಮಾ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಗಿಡ ಬಂದ ಮೇಲೆ ಲೋಟ ಖಾಲಿಯಾಗತೊಡಗಿತು. ಗಿಡದ ಗಾಳಿಗೇ ಹಸಿವು ಬಂದರೆ ಇನ್ನು ಎಣ್ಣೆ ಹೇಗಿರಬೇಡ ಎಂದುಕೊಂಡ ಧರ್ಮೇಶ್. ಆದರೂ ಹಾಸಿಗೆ ಬದಲಿಸಲು ಎತ್ತಿದಾಗಲೆಲ್ಲ ಅವಳು ಹಿಂದಿನ ಸಲಕ್ಕಿಂತ ಹಗುರವಾಗಿರುತ್ತಿದ್ದಳು. ಉಂಡದ್ದನ್ನು ರೋಗ ತಿನ್ನುತ್ತಿದೆ, ಅಷ್ಟೇ.

ಗಿಡ ಕೊಲ್ಲುವವನನ್ನು ಹುಡುಕಲು ದೂರ ಹೋಗಬೇಕಿರಲಿಲ್ಲ. ಪಕ್ಕದ ಮನೆಯ ಹೊನ್ನಯ್ಯ ಅಬಕಾರಿ ಪೇದೆಯಾಗಿ ನಿವೃತ್ತನಾದವನು. ಕೋಣೆಯ ಕಿಟಕಿ ಅವನ ಅಂಗಳಕ್ಕೆ ತೆರೆಯುತ್ತಿತ್ತು. ಹಗಲು ಅವನು ಅಲ್ಲಿ ನಿಂತು ಮಾತಾಡಿಸಿ ಹೋಗುತ್ತಾನೆಂದು ರಮಾಳೇ ಹೇಳಿದ್ದಳು. ಗಾಳಿಯಾಡಲೆಂದು ಬೀರುವಿನ ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ಹೊನ್ನಯ್ಯನಿಗೆ ತನ್ನನ್ನು ಹಿಡಿದುಕೊಡಲು ಮನಸ್ಸಿಲ್ಲ, ಸುಮ್ಮನಿರಲೂ ಮನಸ್ಸಿಲ್ಲ. ಕೈ ಒಳಗೆ ಹಾಕಿ ಏನೋ ಸುರಿಯುತ್ತಿದ್ದಾನೆ.

ಅಂಗಳದ ನುಗ್ಗೆಮರದ ಕೆಳಗೆ ಕೂತಿದ್ದವನನ್ನು ಧರ್ಮೇಶ್ ನೇರವಾಗಿ ಕೇಳಿಯೇಬಿಟ್ಟ.

ಹೊನ್ನಯ್ಯ ಬೆಚ್ಚಲಿಲ್ಲ. “ಸರ್ವೀಸ್ ಪೂರ್ತಿ ಅದನ್ನೇ ಕಿತ್ತು ಸುಟ್ಟೋನು ಕಣ್ಲಾ ನಾನು. ಕಿಟಕೀಲಿ ಕಂಡ್ರೆ ಗೊತ್ತಾಗಲ್ವಾ? ಹಿಡ್ಕೊಡೋ ಹಂಗಿದ್ರೆ ಅವತ್ತೇ ಹಿಡ್ಕೊಡ್ತಿದ್ದೆ. ಕದ್ದು ಸಾಯ್ಸೋಕೆ ನಂಗೇನ್ ಬಂದೈತೆ?”

“ಮತ್ತೆ ಇನ್ಯಾರು ಹೊನ್ನಯ್ಯಣ್ಣ? ಆ ಕಿಟಕಿ ಹತ್ರ ಬರೋರು ನೀವೊಬ್ರೇ.”

ಹೊನ್ನಯ್ಯ ಮರದತ್ತ ಕೈ ತೋರಿಸಿದ. “ರಮಾ ತಾಯಿ ಎದ್ದು ಓಡಾಡೋವಾಗ ಒಂದ್ ಅಗುಳು ಚರಂಡಿಗೆ ಬಿಟ್ಟೋಳಲ್ಲ. ಮಿಕ್ಕಿದ್ದೆಲ್ಲಾ ತಂದು ಇದರ ಬುಡಕ್ಕೇ ಹಾಕೋಳು. ಈಗ ನೋಡು, ಇದೂ ಸೊರಗೈತೆ.”

ಮಾತು ತಿರುಗಿಸುವವನನ್ನು ನಂಬುವಷ್ಟು ದಡ್ಡ ತಾನಲ್ಲ ಎಂದುಕೊಂಡು ಧರ್ಮೇಶ್ ಮನೆಗೆ ಬಂದ. ಪ್ಲೈವುಡ್ ತುಂಡು ತಂದು ಕಿಟಕಿಗೆ ಹೊಡೆದ. ಸೊಳ್ಳೆ ಕಾಟ ಎಂದು ರಮಾಗೆ ಹೇಳಿದ.

“ಗಾಳಿ ಬರ್ತಿತ್ತು,” ಎಂದಳು ಅವಳು. ಅವಳ ದನಿ ಈಗ ಉಸಿರಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಬೀರುವಿನ ಕಡೆ ತಿರುಗಿದಳು. “ಅದಕ್ಕೆ ಬರೀ ನೀರೇ ಏನ್ರೀ ಹಾಕೋದು? ಪಾಪ.”

ಅವನು ಇನ್ನೊಂದು ಮೊಳೆ ಹೊಡೆದ.

ಕಿಟಕಿ ಮುಚ್ಚಿದ ಮೇಲೂ ಗಿಡ ಉಳಿಯಲಿಲ್ಲ. ಒಂದು ಸಂಜೆ ಅಂಗಡಿಯಿಂದ ಬಂದು ನೋಡಿದರೆ ಕಾಂಡ ಬುಡದಲ್ಲೇ ಮೆತ್ತಗಾಗಿ ಮಲಗಿತ್ತು. ಬೀಜ ಕೊಟ್ಟವನು ಊರು ಬಿಟ್ಟಿದ್ದ. ಇನ್ನೊಂದು ಗಿಡ ಹುಟ್ಟಿ ಬೆಳೆಯುವಷ್ಟು ಕಾಲ ರಮಾ ಇರುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಗುರುತು ಉಳಿಸಬಾರದೆಂದು ಬಕೆಟ್ ಎತ್ತಿಕೊಂಡು ಹಿತ್ತಲಿಗೆ ನಡೆದ.

“ರೀ,” ಒಳಗಿನಿಂದ ರಮಾ ಕರೆದಳು. “ಲೋಟ ತಗೊಂಡ್ ಹೋಗಿ. ಇವತ್ತೂ ಖಾಲಿ ಮಾಡಿದೀನಿ.”

ಅದೊಂದಾದರೂ ಉಳಿಯಿತಲ್ಲ ಎಂದುಕೊಳ್ಳುತ್ತ ಅವನು ಬಕೆಟ್ ಬೋರಲು ಹಾಕಿ ತಳಕ್ಕೆ ಬಡಿದ.

ಒಡೆದ ಮಣ್ಣಿನಲ್ಲಿ, ಬೆರಳಿನಿಂದ ಎಳೆದು ಮುಚ್ಚಿದ್ದ ಮೇಲ್ಮಣ್ಣಿನ ಕೆಳಗೆ, ರಾಗಿ ಪದರ ಪದರವಾಗಿ ಹೆಪ್ಪುಗಟ್ಟಿತ್ತು. ಅದರ ತುಂಬ, ದಿನವೂ ಅವನೇ ಹುರಿದು ಉದುರಿಸಿದ್ದ ಜೀರಿಗೆ.