ಮೂರನೆಯ ಬಟ್ಟಲು

ನೆನೆಹಾಕಿದ ಹೆಸರುಕಾಳಿನ ನೀರು ಬಸಿಯುತ್ತಿದ್ದೆ. ಒಂದು ಬಟ್ಟಲಲ್ಲಿ ಬಟ್ಟೆಗೆ ಬಣ್ಣ ಹಾಕುವ ನಮ್ಮ ಕೇರಿಯ ನೀರು, ಇನ್ನೊಂದರಲ್ಲಿ ಮಗಳು ಶಾವಂತ್ರಿಯನ್ನು ಕೊಟ್ಟ ಔಷಧಿ ಕಾರ್ಖಾನೆಯ ಊರಿನಿಂದ ಬಸ್ಸಿನವರ ಕೈಲಿ ತರಿಸಿದ ನೀರು, ಮೂರನೆಯದರಲ್ಲಿ ಎರಡೂ ಕೂಡಿದ್ದು. ಬೇರೆ ಬೇರೆ ಇದ್ದರೆ ಎರಡು ನೀರೂ ಸಾಧು. ಒಂದೇ ಮೈಯೊಳಗೆ ಸೇರಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಮೂರನೆಯ ಬಟ್ಟಲಿನ ಕಾಳು ಮೊಳೆಯದೆ ನಮ್ಮಲ್ಲಿ ಯಾರೂ ಮಗಳನ್ನು ತವರಿಗೆ ಕರೆಯುವುದಿಲ್ಲ, ತಾವೂ ಅಲ್ಲಿಗೆ ಹೋಗುವುದಿಲ್ಲ. ಹನ್ನೊಂದು ವರ್ಷ ಪ್ರತಿ ಸೋಮವಾರ ನೆನೆಹಾಕಿದ್ದೇನೆ. ಮೂರನೆಯದು ಕೊಳೆತೇ ಹೋಗುತ್ತಿತ್ತು.

ಇವತ್ತು ಅದರಲ್ಲಿ ಬಿಳಿ ಬಾಲ ಕಂಡಿತು.

ಪಕ್ಕದ ಮನೆಯ ನೀಲವ್ವ ಬಟ್ಟಲನ್ನು ಮೂಗಿಗೆ ಹಿಡಿದಳು. "ಯಕ್ಕಾ, ಆಸೆಗೆ ಬಿದ್ದು ಬರೇ ನಮ್ಮ ನೀರ ಹಾಕೀಯೇನ? ಹಿಂದಿನ ಓಣಿ ಗುರುಬಸವ್ವ ಹಂಗ ಮಾಡಿ ಮಗಳನ್ನ ಕರಿಸಿ ದವಾಖಾನಿಗೆ ಸೇರಿಸಿದ್ಲು."

"ಹಂಗಾದ್ರ ನೀನ ನೆನಿಹಾಕವಾ, ನಿನ್ನ ಕೈಲೆ."

ಅವಳು ಎರಡೂ ನೀರನ್ನು ತಾನೇ ಅಳೆದು ಹಾಕಿ ಬಟ್ಟಲನ್ನು ತನ್ನ ಮನೆಗೆ ಒಯ್ದಳು. ಎರಡು ದಿನ ನಾನು ಆ ಕಡೆ ತಲೆ ಹಾಕಲಿಲ್ಲ. ಕೇಳಲು ಹೆದರಿಕೆಯಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳೇ ಓಡಿಬಂದಳು. "ತಗೋ, ಉಸುಳಿ ಮಾಡೂವಷ್ಟು ಮೊಳಕಿ ಬಂದಾವ! ಇನ್ನೇನ ನೋಡ್ತಿ, ಕಾಗದ ಬರಿ!"

ಬರೆದದ್ದು ಟ್ರಂಕಿನಲ್ಲಿಯೇ ಇತ್ತು. ಶಾವಂತ್ರಿ ಬಸುರಿಯಾದಾಗ, ರಾತ್ರಿಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಬರೆದಿಟ್ಟಿದ್ದೆ: 'ಬಾಣಂತನಕ್ಕೆ ಬಾ.' ಆ ಕೂಸಿಗೆ ಈಗ ಹತ್ತು ತುಂಬಿದೆ. 'ಬಾಣಂತನಕ್ಕೆ' ಎಂಬುದನ್ನು ಹೊಡೆದು, ಮೇಲೆ 'ಮೊಮ್ಮಗಳನ್ನು ಕರಕೊಂಡು' ಎಂದು ಬರೆದು, ಅಂಚೆ ಡಬ್ಬಿಗೆ ಹಾಕಿದೆ.