ಕೆಜಿಯಾಳ ಮಸೂದೆ

"ಗಂಡ ಹೊಡೀತಾನಾ?" ಮುಂದಿನ ಸಾಲಿನಿಂದ ಯಾರೋ ಕೂಗಿದರು.

"ಇಲ್ಲ," ಎಂದ ಮಸೂದೆ ಮಂಡಿಸಿದ್ದ ಸದಸ್ಯ, ವಕೀಲ ಹ್ಯಾಡ್ಲಿ.

"ಕುಡೀತಾನಾ? ಬಿಟ್ಟು ಓಡಿಹೋಗಿದ್ನಾ?"

"ಅದೂ ಇಲ್ಲ."

"ಮತ್ತೇನಯ್ಯಾ ಆ ಸಹಿಸಲಾಗದ ಹಿಂಸೆ?"

"ಬಾಯಲ್ಲಿ ಹೇಳೋಕಾಗಲ್ಲ. ಅನುಭವಿಸಿದವರಿಗೇ ಗೊತ್ತು."

ಓಹಾಯೋದ ಶಾಸನಸಭೆ ಗೊಳ್ಳೆಂದು ನಕ್ಕಿತು. ಆ ಕಾಲದಲ್ಲಿ ಗಂಡನಿಂದ ಬಿಡುಗಡೆ ಬೇಕೆಂದರೆ ಹೆಣ್ಣಿನ ಹೆಸರಿನಲ್ಲಿ ಅಲ್ಲೊಂದು ಮಸೂದೆ ಪಾಸಾಗಬೇಕಿತ್ತು. ಬಿದ್ದುಹೋದರೆ ಹ್ಯಾಡ್ಲಿಯ ಕಕ್ಷಿದಾರಳು ಕೆಜಿಯಾ ಮತ್ತೆ ಅದೇ ಮನೆಗೆ, ಅದೇ ಊಟದ ಮೇಜಿಗೆ ಹೋಗಬೇಕು. ಮೇಲಿನ ಗ್ಯಾಲರಿಯಲ್ಲಿ ಅವಳು ಕಾಲುಚೀಲ ಹೆಣೆಯುತ್ತಾ ಕುಳಿತಿದ್ದಳು. ಹೆಣಿಗೆ ತಪ್ಪಿ ತಪ್ಪಿ ಬಿಚ್ಚುತ್ತಿದ್ದಳು. ಹ್ಯಾಡ್ಲಿ ಅವಳಿಗೆ ಬಿಡಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದ. ಪರವಾಗಿದ್ದ ಮತಗಳೋ, ಬೆರಳೆಣಿಕೆಯಷ್ಟು.

ಎಲ್ಲರೂ ಪೆಟಿಬೋನನ ಕಡೆ ತಿರುಗಿದರು. ಅವನೂ ವಕೀಲನೇ, ಹೊಸದಾಗಿ ಗೆದ್ದು ಬಂದವನು. ಮಸೂದೆಯನ್ನು ವಿರೋಧಿಸುವುದೇ ಸಭೆಯಲ್ಲಿ ಅವನ ಮೊದಲ ಭಾಷಣ.

"ಚುಟುಕಾಗಿ ಮುಗಿಸಿ," ಎಂದರು ಸಭಾಧ್ಯಕ್ಷರು.

ಹ್ಯಾಡ್ಲಿ ಥಟ್ಟನೆ ಎದ್ದ. "ಬೇಡ ಸ್ವಾಮಿ, ಅವರಿಗೆ ತೃಪ್ತಿಯಾಗೋವರೆಗೂ ಮಾತಾಡಲಿ. ನನ್ನ ವಾದ ಅಷ್ಟೇ."

ಪಕ್ಕದವನು ಹಣೆ ಚಚ್ಚಿಕೊಂಡ. "ಗೆಲ್ಲೋ ಆಸೆ ಬಿಟ್ಟುಬಿಟ್ಯೇನೋ?"

ಪೆಟಿಬೋನ್ ಆದಾಮನಿಂದ ಶುರುಮಾಡಿದ. ರೋಮಿನ ಕಾನೂನಿಗೆ ಬರುವಷ್ಟರಲ್ಲಿ ಊಟದ ಗಂಟೆ ಬಾರಿಸಿತು. ಎದುರಿನ ಹೋಟೆಲಿನಿಂದ ಹುರಿದ ಹಂದಿಮಾಂಸದ ಘಮ ಬಂದು, ಹಾಗೇ ಆರಿಹೋಯಿತು. ಮೆಲ್ಲನೆ ಜಾರಿಕೊಳ್ಳಲು ಎದ್ದವರನ್ನು ಹೆಸರು ಹಿಡಿದು ಕರೆದು, "ಈ ಅಂಶ ವಿಶೇಷವಾಗಿ ನಿಮಗೇ," ಎಂದು ಕೂರಿಸಿದ. ಗೊರಕೆ ಹೊಡೆದವನನ್ನು ಎಬ್ಬಿಸಿ, ತಪ್ಪಿಹೋಗಿದ್ದನ್ನೆಲ್ಲ ಮೊದಲಿನಿಂದ ಹೇಳಿದ. ಎತ್ತಿನಂಥ ರೈತ ಸದಸ್ಯನೊಬ್ಬನ ಕಣ್ಣಲ್ಲಿ ನೀರಾಡಿತು. ಕೆಜಿಯಾ ಒಬ್ಬಳೇ ಆಕಳಿಸಲಿಲ್ಲ, ತಲೆ ಎತ್ತಲಿಲ್ಲ. ಈಗ ಅವಳ ಒಂದು ಹೆಣಿಗೆಯೂ ತಪ್ಪುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪೆಟಿಬೋನ್ ನೀರಿನ ಲೋಟ ಎತ್ತಿದ. ಅಷ್ಟೇ ಸಾಕಾಯಿತು.

"ಮತಕ್ಕೆ ಹಾಕ್ರೀ!" ಇಡೀ ಸಭೆ ಅರಚಿತು.

ಮಸೂದೆ ಪಾಸಾಯಿತು. ವಿರುದ್ಧ ಬಿದ್ದದ್ದು ಪೆಟಿಬೋನನ ಮತ ಒಂದೇ. ಸದಸ್ಯರು ಟೋಪಿ ಎತ್ತಿಕೊಂಡು ಹೋಟೆಲಿನ ಕಡೆ ದೌಡಾಯಿಸಿದರು. ಹ್ಯಾಡ್ಲಿಗೆ ಖುಷಿಯಲ್ಲಿ ತನ್ನ ಟೋಪಿಯೇ ಮರೆತುಹೋಯಿತು.

ಪೆಟಿಬೋನ್ ಮಾತ್ರ ಖಾಲಿ ಬೆಂಚುಗಳ ನಡುವೆ ನಿಂತು ಗ್ಯಾಲರಿಯತ್ತ ಕೈ ಚಾಚಿದ. "ಇನ್ನೊಂದೇ ಒಂದು ಅಂಶ ಬಾಕಿ ಇತ್ತು..."

ಕೆಜಿಯಾ ಹೆಣೆದು ಮುಗಿಸಿದ ಕಾಲುಚೀಲವನ್ನು ಬುಟ್ಟಿಗೆ ಹಾಕಿಕೊಂಡು ಎದ್ದಳು. "ಅದನ್ನ ನಿಮ್ಮ ಮುಂದಿನ ಹೆಂಡತಿಗೆ ಹೇಳಿ, ರೀ."