ಮೂವತ್ತೆಂಟನೇ ದಿನದ ಸಾಲು

ಈಗಲೂ ಬೀದಿಯಲ್ಲಿ ಯಾರಾದರೂ ತರಗೆಲೆ ಸುಟ್ಟರೆ ನಾನು ಎದ್ದು ಕಿಟಕಿ ಹಾಕಿಬಿಡುತ್ತೇನೆ.

ತೊಂಬತ್ತೆಂಟರಲ್ಲಿ ನಾನು ಜೆ.ಪಿ. ನಗರದ ಶಾಲೆಯೊಂದರಲ್ಲಿ ಏಳನೇ ಕ್ಲಾಸು. ವಿಜ್ಞಾನದ ಮಿಸ್ ನಮ್ಮ ಕೈಯಲ್ಲೇ ಮೈದಾನದ ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಿಸಿದ್ದರು. ಅದಕ್ಕೆ ಹೊಂಗೆ ಎಲೆ, ಬಾಳೆಹಣ್ಣಿನ ಸಿಪ್ಪೆ, ಸಗಣಿ ನೀರು ಹಾಕುತ್ತಿದ್ದೆವು. ದಿನವೂ ಕಡ್ಡಿ ಚುಚ್ಚಿ ಎತ್ತರ ಅಳೆದು, ಎರೆಹುಳು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ನನ್ನದು. ಭಾನುವಾರ ಗೇಟು ಹತ್ತಿ ಹೋಗುತ್ತಿದ್ದೆ. ಮೂವತ್ತೇಳನೇ ದಿನ ಹತ್ತೊಂಬತ್ತು ಹುಳು ಇದ್ದವು. ಎಲೆ ಬೆರಳಿಗೆ ಕಾಫಿ ಚರಟದಂತೆ ಮೆತ್ತಗೆ ಸಿಗುತ್ತಿತ್ತು.

ಮರುದಿನ ಬೆಳಿಗ್ಗೆ ಗುಂಡಿಯಿಂದ ಹೊಗೆ ಏಳುತ್ತಿತ್ತು. ಆಯಾ ನಂಜಮ್ಮ ಮೈದಾನದ ಒಣ ಎಲೆಯನ್ನೆಲ್ಲ ಅದಕ್ಕೇ ಗುಡಿಸಿ, ಸೀಮೆಎಣ್ಣೆ ಸುರಿದು ಬೆಂಕಿ ಹಾಕಿದ್ದಳು.

“ಇವತ್ತು ಸಾಹೇಬ್ರು ಬರ್ತಾರೆ, ಕಸ ಕಾಣ್ಬಾರ್ದು ಅಂದ್ರು ಕಣವ್ವ,” ಎಂದಳು.

ಕೈಯಲ್ಲೇ ಕೆದಕಿದೆ. ಒಂದು ಹುಳುವೂ ಅಲುಗಲಿಲ್ಲ. ಮಿಸ್ ಹತ್ತಿರ ಓಡಿದೆ.

“ಈಗೇನ್ ಮಾಡೋಕಾಗುತ್ತೆ? ಗೊಬ್ಬರ ಆಯ್ತು, ಗಿಡಕ್ಕೆ ಹಾಕಿದ್ವಿ ಅಂತ ಬರ್ಕೊ,” ಎಂದರು ಅವರು. ಪೆನ್ನು ಹಿಡಿದು ಕೂತೆ. ‘ಮೂವತ್ತೆಂಟನೇ ದಿನ’ ಎಂದಷ್ಟೇ ಬರೆದೆ, ಮುಂದಕ್ಕೆ ಬರೆಯಲಾಗಲಿಲ್ಲ.

ಮಧ್ಯಾಹ್ನ ಶಾಲಾ ಇನ್ಸ್‌ಪೆಕ್ಟರು ಕ್ಲಾಸಿಗೆ ಬಂದು ನನ್ನ ನೋಟ್‌ಬುಕ್ಕನ್ನು ಪುಟ ಬಿಡದೆ ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಇವತ್ತಿಂದು ಯಾಕಮ್ಮ ಖಾಲಿ?” ಎಂದರು. ಮಿಸ್ ನನ್ನನ್ನೇ ನೋಡುತ್ತಿದ್ದರು. ನನ್ನ ಉಗುರುಗಳಲ್ಲಿ ಇನ್ನೂ ಬೂದಿಯಿತ್ತು.

“ಮರ್ತೋಯ್ತು ಸಾರ್,” ಎಂದೆ.

“ಒಂದಿನಾನೂ ತಪ್ಪಿಸ್ಬಾರ್ದು ಪುಟ್ಟಿ, ಶ್ರದ್ಧೆ ಇರ್ಬೇಕು,” ಎನ್ನುತ್ತ ಅವರು ಆ ಖಾಲಿ ಸಾಲಿನ ಮೇಲೇ ಸಹಿ ಹಾಕಿದರು.